ಹತ್ತು ಎಂಬಿಯೊಳಗೆ ಅಕ್ಕ

ಮಾರ್ಚ್ ೩, ಸೋಮವಾರ

ಹೋಗಲಿಲ್ಲ. ಮೂರು ಸಲ ಕಳಿಸಿದೆ, ಮೂರು ಸಲವೂ ವಾಪಸ್ ಬಂತು. ಹಡಗಿನ ಮೇಲ್ ಹತ್ತು ಎಂಬಿಗಿಂತ ದೊಡ್ಡ ಫೈಲನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲವಂತೆ. ಇಪ್ಪತ್ತಾರು ವರ್ಷದಿಂದ ಸ್ಟುಡಿಯೋದಲ್ಲಿ ವಿಡಿಯೋ ಎಡಿಟ್ ಮಾಡುತ್ತಿರುವವಳು ನಾನು. ಮೂರು ನಿಮಿಷದ ಒಂದು ತುಣುಕನ್ನು ಅಕ್ಕನ ಮಗಳಿಗೆ ಮುಟ್ಟಿಸಲಾರದೆ ಕೂತಿದ್ದೇನೆ. ನಾಚಿಕೆಗೇಡು.

ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳೋಣ ಎಂದು ಈ ಪುಸ್ತಕ ತೆಗೆದೆ. ಅಕ್ಕನ ಹಳೆಯ ಅಳತೆ ಪುಸ್ತಕ. ಮುಂದಿನ ಅರ್ಧದಲ್ಲಿ ಯಾರ್ಯಾರದೋ ಭುಜ, ಸೊಂಟ, ತೋಳಿನ ಉದ್ದ. ಹಿಂದಿನ ಅರ್ಧ ಖಾಲಿ. ಇನ್ನು ಅವಳು ಅಳತೆ ತೆಗೆದುಕೊಳ್ಳುವ ಹಾಗೆ ಕಾಣುವುದಿಲ್ಲ. ಹೊಟ್ಟೆಯಲ್ಲಿ ಗಡ್ಡೆ, ಕತ್ತರಿಸಿ ತೆಗೆಯುವಂಥದ್ದಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ. "ಏನು ಡಾಕ್ಟ್ರೋ, ಕತ್ತರಿ ಹಿಡಿಯೋಕೆ ಬರಲ್ಲ" ಎಂದು ಅಕ್ಕ ಮೂಗು ಮುರಿದಳು. ಎರಡು ವಾರದ ಹಿಂದೆ ನಾನು ಕಂಪ್ಯೂಟರ್ ಸಮೇತ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದೆ. ಹೊಲಿಗೆ ಕೋಣೆಯಲ್ಲೇ ಅವಳ ಮಂಚ. ಮೆಷಿನ್ ಕಣ್ಣಿಗೆ ಬೀಳುತ್ತಿರಬೇಕಂತೆ.

ಮಗಳು ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದಾಳೆ. ಚಿಕ್ಕವಳಿದ್ದಾಗ ಇದೇ ಹೊಲಿಗೆ ಮೆಷಿನ್ನಿನ ನಟ್ಟು ಬಿಚ್ಚಿ ಬಾಯಿಗೆ ಹಾಕಿಕೊಂಡಿದ್ದಳು, ಅಂದಿನಿಂದ ಮನೆಯಲ್ಲಿ ಅವಳ ಹೆಸರೇ ನಟ್ಟು. ಜೂನ್‌ವರೆಗೆ ಒಪ್ಪಂದ. ನಡುಸಮುದ್ರದಲ್ಲಿ ಫೋನಿಲ್ಲ, ಮೇಲ್ ಒಂದೇ ದಾರಿ. "ಹುಷಾರಿಲ್ಲ ಅಂತ ಅವಳಿಗೆ ಗೊತ್ತಿದ್ರೆ ಸಾಕು. ಎಷ್ಟು ಹುಷಾರಿಲ್ಲ ಅನ್ನೋದು ಬೇಡ. ಕೆಲಸ ಮುಗಿಸಿ ಬರ್ಲಿ" ಎಂದು ಅಕ್ಕ ನನ್ನ ಬಾಯಿಗೆ ಬೀಗ ಹಾಕಿದ್ದಾಳೆ. ಅದರ ಬದಲು ದಿನಕ್ಕೆ ಮೂರು ನಿಮಿಷ ಮಗಳ ಜೊತೆ ಹರಟೆ, ನನ್ನ ಫೋನಿನ ಕ್ಯಾಮೆರಾ ಮುಂದೆ. ಇವತ್ತಿನದು ಮುನ್ನೂರ ಎಂಬತ್ತು ಎಂಬಿ. ಹತ್ತಕ್ಕೆ ಇಳಿಸಿದರೆ ಅಕ್ಕನ ಮುಖ ಚೌಕ ಚೌಕವಾಗಿ ಒಡೆಯುತ್ತದೆ.

ಮಾರ್ಚ್ ೫, ಬುಧವಾರ

ಸಿಕ್ಕಿತು! ಬರೆದಿಡುತ್ತೇನೆ. ಚಿತ್ರದ ಎತ್ತರ ನಾನೂರ ಎಂಬತ್ತು ಗೆರೆ, ಫೋನಿನ ಪರದೆಗೆ ಧಾರಾಳ. ಸದ್ದು ಮೋನೋ, ಎಡಬಲ ಎರಡೂ ಬೇಕಿಲ್ಲ, ಮಾತಾಡುವವಳು ಒಬ್ಬಳೇ. ಸೆಕೆಂಡಿಗೆ ಇಷ್ಟೇ ಡೇಟಾ ಎಂದು ಬಿಟ್‌ರೇಟ್ ಕಟ್ಟಿಹಾಕುವುದನ್ನು ಬಿಟ್ಟು ಗುಣಮಟ್ಟವನ್ನು ಕಟ್ಟಿಹಾಕಿದೆ, ಅಂಕಿ ಇಪ್ಪತ್ತಾರು. ಎಲ್ಲಕ್ಕಿಂತ ದೊಡ್ಡ ಕಳ್ಳ ಕಿಟಕಿಯ ಹೂವಿನ ಪರದೆ. ಗಾಳಿಗೆ ಅಲ್ಲಾಡಿ ಅಲ್ಲಾಡಿ ಅರ್ಧ ಫೈಲನ್ನು ಅದೇ ತಿನ್ನುತ್ತಿತ್ತು. ಬಿಚ್ಚಿ ಹಾಕಿ, ಅಕ್ಕನ ಕಪಾಟಿನಿಂದ ತಿಳಿಹಳದಿ ಬಣ್ಣದ ಸಾದಾ ಬಟ್ಟೆ ತೆಗೆದು ಅವಳ ಹಿಂದೆ ಬಿಗಿಯಾಗಿ ಕಟ್ಟಿದೆ. ಒಂಬತ್ತು ಪಾಯಿಂಟ್ ನಾಲ್ಕು ಎಂಬಿ. ಮುಖ ಸ್ವಚ್ಛ, ರೆಪ್ಪೆ ಕೂಡ ಎಣಿಸಬಹುದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಕ್ಕನಿಗೆ ಅದೆಲ್ಲ ಹೇಗೆ ಎಂದು ತಿಳಿಯಬೇಕಂತೆ. ಹೇಳಿದೆ: ಅಲ್ಲಾಡದ ಜಾಗವನ್ನು ಕಂಪ್ಯೂಟರ್ ಮತ್ತೆ ಬರೆಯುವುದಿಲ್ಲ, ಹಿಂದಿನ ಚಿತ್ರದ್ದನ್ನೇ ಬಳಸಿಕೊಳ್ಳುತ್ತದೆ. ಅಲ್ಲಾಡಿದ ಜಾಗಕ್ಕೆ ಮಾತ್ರ ಹೊಸದಾಗಿ ಬರೆಯಬೇಕು. ನಿನ್ನ ಕೈಗಳಿಗೇ ನಾಲ್ಕು ಎಂಬಿ ಹೋಗುತ್ತಿದೆ.

"ಅಂದ್ರೆ ನಾನು ಗೊಂಬೆ ಥರ ಕೂತ್ರೆ ನಿನಗೆ ಸಲೀಸು."

"ಹೌದು, ಸ್ವಲ್ಪ ಕೈ ಕಟ್ಟಿ ಕೂತ್ಕೋ."

"ಕೈ ಕಟ್ಟಿದ್ರೆ ನನ್ನ ಬಾಯಿ ಓಡಲ್ಲ ಕಣೇ" ಎಂದು ಎರಡೂ ಕೈ ಎತ್ತಿ ಗಾಳಿಯಲ್ಲೇ ಒಂದು ಕೋಟು ಹೊಲಿದು ತೋರಿಸಿದಳು. ನಲವತ್ತು ವರ್ಷ ಹೊಲಿದ ಕೈ. ಊರವರ ಬಟ್ಟೆಯ ಕಥೆ ಹೇಳುವಾಗಲೂ ಕತ್ತರಿ ಆಡುತ್ತದೆ, ಸೂಜಿ ಚುಚ್ಚುತ್ತದೆ, ಕಾಲರ್ ಮಡಿಚುತ್ತದೆ.

ಮಾರ್ಚ್ ೧೦, ಸೋಮವಾರ

ನಟ್ಟುವಿನ ಉತ್ತರ: "ಅಮ್ಮ ಎಷ್ಟು ಚೆನ್ನಾಗಿ ಕಾಣ್ತಿದ್ದಾಳೆ! ಊಟದ ಹೊತ್ತಲ್ಲಿ ಎಲ್ಲರಿಗೂ ತೋರಿಸ್ದೆ." ಅಕ್ಕ ನನ್ನಿಂದ ನಾಲ್ಕು ಸಲ ಓದಿಸಿಕೊಂಡಳು.

ಒಂದೇ ಕಿರಿಕಿರಿ. ಪ್ರತಿದಿನ ಕೊನೆಯಲ್ಲಿ ಮಗಳಿಗೆ ಬೈ ಹೇಳಿ ಕ್ಯಾಮೆರಾ ಹಿಂದಿನ ನನ್ನನ್ನು ನೋಡುತ್ತಾಳೆ. "ಸಾಕು, ಅದನ್ನ ಇಟ್ಟು ಬಾ. ಇಲ್ಲಿ ಕೂತ್ಕೋ." ಅಷ್ಟರಲ್ಲಿ ನನಗೆ ಫೈಲ್ ತೆಗೆದುಕೊಂಡು ಓಡುವ ಅವಸರ, ಎಕ್ಸ್‌ಪೋರ್ಟ್ ಮಾಡಿ ಕಳಿಸಿ ಮಧ್ಯಾಹ್ನದೊಳಗೆ ಸ್ಟುಡಿಯೋ ಸೇರಬೇಕು. ಆಮೇಲೆ ಕೂರ್ತೀನಿ ಅನ್ನುತ್ತೇನೆ. ಆ ಬಾಲ ನಟ್ಟುವಿಗೆ ಬೇಕಿಲ್ಲ, ಕತ್ತರಿಸುತ್ತೇನೆ. ಹದಿನೈದು ಸೆಕೆಂಡ್ ಅಂದರೆ ಮುಕ್ಕಾಲು ಎಂಬಿ.

ಕಳಿಸಿದ ಮೇಲೆ ಮೂಲ ಫೈಲುಗಳನ್ನು ಅಳಿಸುವುದು ನನ್ನ ರೂಢಿ. ಇವನ್ನೂ ಅಳಿಸಲು ಹೊರಟಾಗ ಅಕ್ಕ ಬೈದಳು. "ನಾನು ಇಷ್ಟು ವರ್ಷದಲ್ಲಿ ಒಂದು ಚೂರು ಬಟ್ಟೆ ಬಿಸಾಕಿಲ್ಲ. ಹೊಲಿಗೆ ಒಳಗೂ ಎರಡು ಬೆರಳು ಬಟ್ಟೆ ಬಿಡ್ತೀನಿ, ನಾಳೆ ಬಿಚ್ಚಿ ದೊಡ್ಡದು ಮಾಡ್ಬೇಕಾದ್ರೆ? ನೀನು ಎಲ್ಲಾ ಬಿಸಾಕ್ತೀಯ." ಅವಳ ಕಾಟ ತಾಳಲಾರದೆ ಒಂದು ಡಿಸ್ಕಿನಲ್ಲಿ ಹಾಕಿಡುತ್ತಿದ್ದೇನೆ. ಯಾರು ನೋಡುತ್ತಾರೋ.

ಮಾರ್ಚ್ ೧೮, ಮಂಗಳವಾರ

ಎಂಟು ಪಾಯಿಂಟ್ ಐದು. ಇಡೀ ಚಿತ್ರವನ್ನು ಹೊಸದಾಗಿ ಬರೆಯುವ ಸರದಿಯನ್ನು ಎರಡು ಸೆಕೆಂಡಿನಿಂದ ಹತ್ತು ಸೆಕೆಂಡಿಗೆ ಏರಿಸಿದ್ದೆ, ಎಕ್ಸ್‌ಪೋರ್ಟನ್ನು ನಿಧಾನದ ಹಂತಕ್ಕೆ ಇಟ್ಟಿದ್ದೆ. ಫಲ ಕೊಟ್ಟಿದೆ. ಅದೇ ಮೂರು ನಿಮಿಷ, ಅದೇ ಗುಣಮಟ್ಟ, ಒಂದು ಎಂಬಿ ಉಳಿತಾಯ.

ಬೆಳಿಗ್ಗೆ ಬಂದಿದ್ದ ನರ್ಸ್ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದಳು, "ಮುಖ ಸ್ವಲ್ಪ ಹಳದಿ ಕಾಣ್ತಿದೆ ಅಲ್ವಾ?" ನಾನೂ ಗಮನಿಸಿದ್ದೆ. ಹಿಂದೆ ಕಟ್ಟಿದ ಬಟ್ಟೆಯ ಬಣ್ಣ ಮುಖಕ್ಕೆ ಹೊಡೆಯುತ್ತಿದೆ ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, "ಡಾಕ್ಟರ್ ಹತ್ರ ಒಂದ್ಸಲ ಮಾತಾಡಿ" ಎಂದು ಚಪ್ಪಲಿ ಹಾಕಿಕೊಂಡು ಹೋದಳು. ಹಳದಿ ತೆಗೆದು ಬಿಳಿ ಬಟ್ಟೆ ಕಟ್ಟಿದೆ. ಆದರೂ ಸ್ವಲ್ಪ ಉಳಿದಿತ್ತು, ಕಿಟಕಿಯ ಬೆಳಕೇ ಹಾಗಿರಬೇಕು. ಎಡಿಟ್‌ನಲ್ಲಿ ಹಳದಿ ಇಳಿಸಿ, ಕೆನ್ನೆಗೆ ತುಸು ಕೆಂಪು ಏರಿಸಿದೆ. ಲಕ್ಷಣವಾಗಿ ಬಂತು.

ಮಾರ್ಚ್ ೨೨, ಶನಿವಾರ

ನನ್ನ ಸೆಟ್ಟಿಂಗಿನ ಬಗ್ಗೆ ಸ್ಟುಡಿಯೋದಲ್ಲಿ ಕೊಚ್ಚಿಕೊಂಡಿದ್ದು ತಪ್ಪಾಯಿತು. ಮಾಲೀಕರು ಅದನ್ನೇ ಒಂದು ಶಾಲೆಯ ನೃತ್ಯ ಕಾರ್ಯಕ್ರಮಕ್ಕೆ ಹಾಕಿದರು, ಫೈಲ್ ಬೆಟ್ಟದಷ್ಟು ಬಂತು. "ನಿಮ್ಮ ಮಂತ್ರ ಇಲ್ಲಿ ಫಲಿಸಲಿಲ್ಲವಲ್ಲ ಮೇಡಂ?" ಎಂದು ಎಲ್ಲರೆದುರು ಕಾಲೆಳೆದರು.

"ಇನ್ನೂರು ಮಕ್ಕಳು ಕುಣೀತಿದ್ರೆ ದೊಡ್ಡದಾಗ್ದೆ ಏನಾಗುತ್ತೆ ಸಾರ್? ಸುಮ್ನೆ ಕೂತವ್ರಿಗೆ ಮಾತ್ರ ಚಿಕ್ಕದಾಗೋದು" ಎಂದೆ. ಇಷ್ಟು ವರ್ಷ ಈ ವ್ಯಾಪಾರದಲ್ಲಿದ್ದು ಅಷ್ಟೂ ತಿಳಿಯದ ಮಹಾನುಭಾವ.

ಅಕ್ಕನದು ಇವತ್ತು ಏಳು ಪಾಯಿಂಟ್ ಎಂಟು.

ಮಾರ್ಚ್ ೨೮, ಶುಕ್ರವಾರ

ನಟ್ಟುವಿನ ಮೇಲ್, ನನಗೊಬ್ಬಳಿಗೇ. ಒಂದನೇ ತಾರೀಖು ಹಡಗು ಬಂದರಿಗೆ ತಾಗುತ್ತದಂತೆ. ಆಮೇಲೆ ಹತ್ತೊಂಬತ್ತು ದಿನ ಬರೀ ನೀರು. "ಇಳೀಬೇಕಾ ಚಿಕ್ಕಮ್ಮ? ಕ್ಯಾಪ್ಟನ್ ಒಪ್ಪಿದ್ದಾರೆ. ಅಮ್ಮನ ಕೇಳಿದ್ರೆ ಬೇಡ ಅಂತಾಳೆ, ಅದು ಗೊತ್ತು. ನೀನು ಹತ್ರ ಇದ್ದೀಯ, ದಿನಾ ನೋಡ್ತೀಯ. ನೀನು ಹೇಳಿದ ಹಾಗೆ ಮಾಡ್ತೀನಿ."

ಅಕ್ಕನಿಗೆ ಹೇಳಬಾರದಿತ್ತೇನೋ, ಹೇಳಿದೆ. "ಒಪ್ಪಂದ ಮುರಿದ್ರೆ ಮುಂದೆ ಯಾರು ಕರೀತಾರೆ ಅವಳನ್ನ? ಜೂನ್‌ಗೆ ಬರ್ಲಿ. ನಾನೆಲ್ಲಿ ಹೋಗ್ತೀನಿ?" ಎಂದಳು. ಮಾತು ನಿಧಾನ, ಮಧ್ಯೆ ನಿಲ್ಲಿಸುತ್ತಾಳೆ. ಔಷಧಿ ಮಂಪರು.

ಉತ್ತರ ಬರೆಯುವ ಮುಂಚೆ ಈ ವಾರದ ವಿಡಿಯೋಗಳನ್ನೆಲ್ಲ ಒಮ್ಮೆ ನೋಡಿದೆ. ಮುಖ ತುಂಬಿಕೊಂಡಿದೆ, ಬಣ್ಣ ಸರಿಯಾಗಿದೆ, ನಗುತ್ತಾಳೆ. ಬರೆದೆ: "ನೀನೇ ನೋಡ್ತಿದ್ದೀಯಲ್ಲ. ಅವಸರ ಏನಿಲ್ಲ. ಕೆಲಸ ಮುಗಿಸಿ ಬಾ."

ಏಪ್ರಿಲ್ ೧, ಮಂಗಳವಾರ

ಆರು ಪಾಯಿಂಟ್ ಎರಡು. ನಟ್ಟು ಬಂದರಿನಿಂದ ಎರಡು ನಿಮಿಷ ಫೋನ್ ಮಾಡಿದ್ದಳು, ಅಕ್ಕ ನಿದ್ದೆಯಲ್ಲಿದ್ದಳು. ಎಬ್ಬಿಸಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಐದು ಪಾಯಿಂಟ್ ಒಂದು! ಶುರುವಿನ ಅರ್ಧದ ಹತ್ತಿರ ಬಂದಿದೆ, ಗುಣಮಟ್ಟದಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಇದನ್ನು ನಾಲ್ಕು ಜನಕ್ಕೆ ಕಲಿಸಬೇಕು ನಾನು.

ಏಪ್ರಿಲ್ ೭, ಸೋಮವಾರ

ನಟ್ಟುವಿನ ಮೇಲನ್ನು ಹಾಗೇ ಇಳಿಸಿಕೊಳ್ಳುತ್ತೇನೆ.

"ಚಿಕ್ಕಮ್ಮ, ಇಂಜಿನ್ ರೂಮಲ್ಲಿ ನಾವು ದಿನಾ ಎಷ್ಟು ಎಣ್ಣೆ ಖರ್ಚಾಯ್ತು ಅಂತ ಬರೀತೀವಿ. ಖರ್ಚು ತಾನಾಗೇ ಕಮ್ಮಿ ಆಗ್ತಾ ಬಂದ್ರೆ ನಾವು ಖುಷಿ ಪಡಲ್ಲ, ಇಂಜಿನ್‌ಗೆ ಏನಾಗಿದೆ ಅಂತ ಇಳಿದು ನೋಡ್ತೀವಿ. ಅದೇ ಅಭ್ಯಾಸದಲ್ಲಿ ಅಮ್ಮನ ಫೈಲ್ ಸೈಜೂ ಬರೆದಿಟ್ಟಿದ್ದೀನಿ. ೯.೪, ೮.೫, ೭.೮, ೬.೨, ೫.೧. ಉದ್ದ ಮಾತ್ರ ಅದೇ ಮೂರು ನಿಮಿಷ. ನೀನು ಸೆಟ್ಟಿಂಗ್ ಬದಲಾಯಿಸ್ತಾ ಇದ್ದೀಯಾ? ಇಲ್ಲಾಂದ್ರೆ ಹೇಳು, ಅಮ್ಮ ಕೈ ಆಡಿಸೋದು ಯಾಕೆ ನಿಲ್ಲಿಸಿದ್ದಾಳೆ?"

ಓದಿ ಮೊದಲು ಸಿಟ್ಟು ಬಂತು. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವಳಿಗೆ ಪಾಠ ಹೇಳಲು ಬಂದಳು ಎಂದು. ಸೆಟ್ಟಿಂಗ್ ಬದಲಾಯಿಸಿದ್ದೇನೆ ತಾಯಿ ಎಂದು ತೋರಿಸಿಯೇ ಬಿಡೋಣ ಅಂತ ಡಿಸ್ಕ್ ಹಾಕಿ ಮಾರ್ಚ್ ಐದರ ಮೂಲ ಫೈಲ್ ತೆಗೆದೆ. ಮೊನ್ನೆಯ ಸೆಟ್ಟಿಂಗನ್ನೇ ಇಟ್ಟು ಎಕ್ಸ್‌ಪೋರ್ಟ್ ಒತ್ತಿದೆ. ಐದು ಬರಬೇಕು.

ಒಂಬತ್ತು ಪಾಯಿಂಟ್ ಒಂದು.

ಮತ್ತೆ ಮಾಡಿದೆ. ಒಂಬತ್ತು ಪಾಯಿಂಟ್ ಒಂದು. ನನ್ನ ಜಾಣತನವೆಲ್ಲ ಸೇರಿ ಉಳಿಸಿದ್ದು ಬರೀ ಪಾಯಿಂಟ್ ಮೂರು ಎಂಬಿ. ಉಳಿದ ನಾಲ್ಕು ಎಂಬಿ ಅಕ್ಕನ ಕೈ.

ಅದನ್ನೂ ಇವತ್ತಿನ ಮೂಲ ಫೈಲನ್ನೂ ಅಕ್ಕಪಕ್ಕ ಹಾಕಿ ನೋಡಿದೆ, ಬಣ್ಣ ತಿದ್ದದೆ. ಎಡಗಡೆ ಕೋಟು ಹೊಲಿಯುತ್ತಿದ್ದಾಳೆ, ಬಲಗಡೆ ಎರಡೂ ಕೈ ಹೊದಿಕೆಯ ಮೇಲೆ, ಅಂಗೈ ಮೇಲಾಗಿ ಬಿದ್ದಿವೆ. ಕಣ್ಣಿನ ಬಿಳಿಯೂ ಹಳದಿ. ನನ್ನ ಅಕ್ಕ. ಪಕ್ಕದ ಕೋಣೆಯಲ್ಲೇ ಇದ್ದಾಳೆ, ನಾನು ಪರದೆಯ ಮೇಲೆ ನೋಡಿ ತಿಳಿಯಬೇಕಾಯಿತು. ನಾನೇ ಅವಳಿಗೆ ಹೇಳಿಕೊಟ್ಟಿದ್ದೆ, ಅಲ್ಲಾಡದ ಜಾಗವನ್ನು ಕಂಪ್ಯೂಟರ್ ಬರೆಯುವುದಿಲ್ಲ ಅಂತ. ಮಾಲೀಕರಿಗೂ ಹೇಳಿ ನಕ್ಕಿದ್ದೆ.

ಏಪ್ರಿಲ್ ೮, ಮಂಗಳವಾರ

ಡಾಕ್ಟರ್ ಮನೆಗೇ ಬಂದರು. ಯಕೃತ್ತು ಸೋತಿದೆಯಂತೆ, ಮೂರು ವಾರದಿಂದಲೇ. ಎಷ್ಟು ದಿನ ಎಂದು ಕೇಳಿದೆ. "ಒಂದು ವಾರ. ಹತ್ತು ದಿನ ಅಂತ ಹೇಳೋಕೂ ನನಗೆ ಧೈರ್ಯ ಇಲ್ಲ" ಎಂದರು. ನರ್ಸ್ ತಲೆ ತಗ್ಗಿಸಿ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಟ್ಟುವಿಗೆ ಎಲ್ಲ ಬರೆದೆ. ಒಂದನ್ನೂ ತಿದ್ದಲಿಲ್ಲ. ಮುಂದಿನ ಬಂದರು ಇಪ್ಪತ್ತಕ್ಕೆ. ಮೊನ್ನೆ ಒಂದನೇ ತಾರೀಖು ಇಳಿದಿದ್ದರೆ ಮೂರನೆಯ ದಿನಕ್ಕೆ ಇಲ್ಲಿರುತ್ತಿದ್ದಳು. ಇಳಿಯಬೇಡ ಎಂದವಳು ನಾನು. ಬೇರೆ ಯಾರೂ ಅಲ್ಲ.

ಸಂಜೆ ಒಂದೇ ಸಾಲಿನ ಉತ್ತರ: "ಅಮ್ಮನಿಗೆ ಬರ್ತಿದ್ದೀನಿ ಅಂತ ಹೇಳು."

ಹೇಳಿದೆ. ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ, "ಹೇಳ್ಬಿಟ್ಯಾ? ಒಳ್ಳೇದಾಯ್ತು" ಎಂದಳು. ಆಮೇಲೆ ಕಣ್ಣಂಚಿನಿಂದ ನೀರು ಇಳಿಯಿತು. ಇಷ್ಟು ದಿನ ಅವಳಿಗೂ ಮಗಳು ಬೇಕಾಗಿತ್ತು. ನನಗೆ ಅದೂ ಕಂಡಿರಲಿಲ್ಲ.

ಏಪ್ರಿಲ್ ೧೦, ಗುರುವಾರ

ಸ್ಟುಡಿಯೋಗೆ ರಜೆ ಹೇಳಿದೆ. ನಿನ್ನೆ ಬೆಳಿಗ್ಗೆ ರೂಢಿಯಂತೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಲು ಹೋದೆ. ಅಕ್ಕ, "ಸಾಕು, ಅದನ್ನ ಇಟ್ಟು ಬಾ" ಎಂದಳು. ಶುರುವಾಗುವ ಮೊದಲೇ. ಇಟ್ಟು ಹೋಗಿ ಕೂತೆ.

ಏಪ್ರಿಲ್ ೧೨, ಶನಿವಾರ

ಅಳತೆ ಟೇಪು ಕೇಳಿದಳು. ಕೊಟ್ಟರೆ ನನ್ನ ಮಣಿಕಟ್ಟಿಗೆ ಸುತ್ತಿದಳು, ಎಷ್ಟು ಹೊತ್ತು ಹಿಡಿಯಿತೋ. ಟೇಪು ಜಾರುತ್ತಿತ್ತು, ನಾನು ಕೈ ಹಾಕಲಿಲ್ಲ. "ಸಣ್ಣ ಆಗಿದ್ದೀಯ ಕಣೇ. ಬರ್ಕೋ."

ಬರೆದುಕೊಂಡೆ, ಅವಳ ಪುಸ್ತಕ ತಾನೆ. ಮಣಿಕಟ್ಟು: ಆರು ಇಂಚು.

"ನಟ್ಟುದು ಆರೂ ಮುಕ್ಕಾಲು" ಎಂದಳು. "ಅವಳನ್ನ ಅಳೀಬೇಕಾಗಿಲ್ಲ, ನನಗೆ ಗೊತ್ತು."

ಏಪ್ರಿಲ್ ೧೫, ಮಂಗಳವಾರ

ಅಕ್ಕ ಹೋದಳು. ಬೆಳಿಗ್ಗೆ ಹತ್ತೂಕಾಲಿಗೆ, ನಾವು ದಿನಾ ರೆಕಾರ್ಡ್ ಮಾಡುತ್ತಿದ್ದ ಹೊತ್ತಿಗೆ. ಕೂತಿದ್ದೆ.

ಏಪ್ರಿಲ್ ೨೨, ಮಂಗಳವಾರ

ನಟ್ಟು ಬಂದಳು. ಬಾಗಿಲಲ್ಲೇ ಚೀಲ ಇಳಿಸಿ ನೇರ ಹೊಲಿಗೆ ಕೋಣೆಗೆ ಹೋದಳು. ಮಂಚ ಮಡಿಚಿಟ್ಟಿದ್ದೆ. ಬಿಳಿ ಬಟ್ಟೆ ಇನ್ನೂ ಗೋಡೆಯ ಮೇಲಿತ್ತು, ಬಿಚ್ಚಲು ಮನಸ್ಸಾಗಿರಲಿಲ್ಲ. ಅವಳು ಅದರ ಮುಂದೆ ತುಂಬ ಹೊತ್ತು ನಿಂತಳು. ಕೈಗೆಲ್ಲ ಎಣ್ಣೆಯ ಕರೆ, ಉಗುರು ಕಪ್ಪು.

"ಒಂದನೇ ತಾರೀಖು ಇಳೀಲಾ ಅಂತ ಕೇಳಿದ್ದೆ" ಎಂದಳು, ತಿರುಗದೆ.

"ನೀನು ಕೇಳಿದ್ದೆ. ನಾನು ಬೇಡ ಅಂದೆ."

"ಅಮ್ಮ ಹೇಳಿಸಿದ್ಲಾ?"

ಹೌದು ಎಂದುಬಿಟ್ಟರೆ ಆಗುತ್ತಿತ್ತು, ಅರ್ಧ ನಿಜವೂ ಆಗಿತ್ತು. "ಇಲ್ಲ. ನಾನು ನೋಡ್ಲಿಲ್ಲ. ದಿನಾ ನೋಡ್ತಿದ್ದೆ, ಆದ್ರೆ ನೋಡ್ಲಿಲ್ಲ" ಎಂದೆ. ಕ್ಷಮಿಸು ಎಂದೆ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದಳು, ತೊಳೆಯುತ್ತಲೇ ಇದ್ದಳು. ನೀರಿನ ಸದ್ದಿನಲ್ಲಿ ಅತ್ತಳು ಎಂದು ನನಗೆ ಗೊತ್ತು.

ಬಂದು ಕೂತ ಮೇಲೆ, "ನೀನು ಕಳಿಸಿದ್ದೆಲ್ಲ ನನ್ನ ಹತ್ರ ಇದೆ. ಅವು ಬೇಡ. ಮೊದಲಿನವು ಇವೆಯಾ?" ಎಂದಳು.

ಇವೆ, ಒಂದೂ ಬಿಡದೆ. ಅಕ್ಕ ಅಳಿಸಲು ಬಿಟ್ಟಿರಲಿಲ್ಲ. ಮಾರ್ಚ್ ಐದರಿಂದ ಶುರು ಮಾಡಿ ಒಂದೊಂದಾಗಿ ಹಾಕಿದೆ. ಪರದೆಯ ಮೇಲೆ ಅಕ್ಕ ದಿನದಿಂದ ದಿನಕ್ಕೆ ಹಳದಿಯಾದಳು, ಕೈ ಕೆಳಗಿಳಿಯಿತು. ನಟ್ಟು ಬಾಯಿಗೆ ಸೆರಗಿನಂತೆ ತೋಳು ಒತ್ತಿಕೊಂಡು ನೋಡಿದಳು. ಮತ್ತೆ ಪ್ರತಿಯೊಂದರ ಕೊನೆಗೂ ನಾನು ಕತ್ತರಿಸಿದ ಆ ಬಾಲ. ಸಾಕು, ಅದನ್ನ ಇಟ್ಟು ಬಾ. ಇಲ್ಲಿ ಕೂತ್ಕೋ. ಹಿಂದೆಯೇ ನನ್ನ ದನಿ: ಆಮೇಲೆ ಕೂರ್ತೀನಿ ಅಕ್ಕ. ಹತ್ತನೆಯದರ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ, ನಿಲ್ಲಿಸೋಣ ಎಂದೆ. ನಟ್ಟು ನನ್ನ ಕೈ ಹಿಡಿದುಕೊಂಡು, "ಇಲ್ಲ, ಹಾಕು" ಎಂದಳು. ಎಲ್ಲ ಹಾಕಿದೆ. ಕೊನೆಯ ಒಂದೆರಡರಲ್ಲಿ ಆ ಬಾಲದ ಹೊತ್ತಿಗೆ ಅಕ್ಕ ದಣಿದು ಬರೀ ತುಟಿ ಆಡಿಸುತ್ತಾಳೆ, ಸದ್ದಿಲ್ಲ. ಆದರೂ ಏನೆಂದು ಇಬ್ಬರಿಗೂ ತಿಳಿಯಿತು.

ಏಪ್ರಿಲ್ ಏಳಕ್ಕೆ ಮುಗಿಯಿತು.

"ಆಮೇಲಿಂದು?"

"ಇಲ್ಲ. ಎಂಟು ದಿನ ಕ್ಯಾಮೆರಾ ಇಡ್ಲಿಲ್ಲ."

"ಒಂದೂ ಇಲ್ವಾ?"

"ಕೂತಿದ್ದೆ, ನಟ್ಟು."

ಅವಳು ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. "ಸರಿ. ಹಾಗಾದ್ರೆ ಹೇಳು."

ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿದವಳು ಬೆಳಕು ಇಳಿಯುವವರೆಗೂ ಹೇಳಿದೆ. ಅಕ್ಕ ನೀರು ಕೇಳಿದ್ದು, ಬೇಡವೆಂದದ್ದು, ಡಾಕ್ಟರನ್ನು ಆಡಿಕೊಂಡದ್ದು, ಇಡೀ ಮಧ್ಯಾಹ್ನ ಏನೂ ಆಗದೆ ಬರೀ ಉಸಿರು ಕೇಳಿದ್ದು. ಅಳತೆ ಟೇಪಿನ ಕಥೆ ಬಂದಾಗ ನಟ್ಟು ಎದ್ದು ಡ್ರಾಯರ್ ಎಳೆದು ಟೇಪು ತಂದಳು. ತನ್ನ ಮಣಿಕಟ್ಟಿಗೆ ತಾನೇ ಸುತ್ತಿಕೊಂಡು, ಕಿಟಕಿಯ ಹತ್ತಿರ ಹಿಡಿದು ನೋಡಿದಳು. ನನಗೂ ತೋರಿಸಿದಳು. ಆರೂ ಮುಕ್ಕಾಲು.

ಟೇಪು ಬಿಚ್ಚದೆ ಹಾಗೇ ಕೂತು, "ಅದನ್ನ ಇನ್ನೊಂದ್ಸಲ ಹೇಳು" ಎಂದಳು.

ಮೊದಲಿನಿಂದ ಹೇಳಿದೆ.